ಹಬ್ಬದ ಜಾಹೀರಾತಿಗೆ ದಿನಕ್ಕೆ 500 ರೂಪಾಯಿ ಸಮನಾಗಿ ಬೇಡ

ಮಣ್ಣಿನ ಗಣಪತಿ ಮಾರಲು ಜಾಹೀರಾತಿಗೆ ಇಟ್ಟಿರುವ 15,000 ರೂಪಾಯಿಯನ್ನು 30 ದಿನಕ್ಕೆ ಸಮನಾಗಿ ಹಂಚಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಶ್ರಾವಣದ ಶುರುವಿನಲ್ಲಿ ಜನ ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಯಲ್ಲಿರುತ್ತಾರೆ ಅಲ್ವಾ? ಆಗ ದಿನಕ್ಕೆ 150–200 ಸಾಕು. ಯಾವ ಫೋಟೊ ನೋಡಿ ಜಾಸ್ತಿ ಜನ ವಾಟ್ಸಾಪ್‌ನಲ್ಲಿ ಬೆಲೆ ಕೇಳುತ್ತಾರೆ ಅಂತ ಗಮನಿಸಿ. ಮುಕ್ಕಾಲು ಪಾಲು ದುಡ್ಡನ್ನು ಗಣೇಶ ಹಬ್ಬಕ್ಕೆ ಮುಂಚಿನ ಕೊನೆಯ 10 ದಿನಕ್ಕೆ ಇಟ್ಟುಕೊಳ್ಳಿ.

ಗೂಗಲ್ ಆ್ಯಡ್ಸ್‌ನಲ್ಲಿ ಒಂದು ವಿಷಯಕ್ಕೆ ತುಂಬಾ ಹುಷಾರಾಗಿರಿ. ದಿನಕ್ಕೆ 500 ಅಂತ ಹಾಕಿದರೂ ಯಾವುದೋ ಒಂದು ದಿನ 1,000 ರೂಪಾಯಿವರೆಗೂ ಖರ್ಚಾಗಬಹುದು. ತಿಂಗಳ ಲೆಕ್ಕದಲ್ಲಿ ಅದು ಸರಿಹೋಗುತ್ತದೆ. ಆದರೆ ನಿಮ್ಮದು ಹತ್ತೇ ದಿನದ ವ್ಯಾಪಾರ, ಹಾಗಾಗಿ ರಾತ್ರಿ ಅಂಗಡಿ ಮುಚ್ಚುವಾಗ ಖರ್ಚು ನೋಡಲೇಬೇಕು. ಲೊಕೇಶನ್‌ನಲ್ಲಿ ನಿಮ್ಮ ಊರಲ್ಲಿ ಇರುವವರಿಗೆ ಮಾತ್ರ ತೋರಿಸುವ ಆಯ್ಕೆ ಹಾಕಿ. ಮೂರ್ತಿ ಖಾಲಿಯಾದರೆ ಗೌರಿ ಹಬ್ಬಕ್ಕೂ ಕಾಯಬೇಡಿ, ತಕ್ಷಣ ಜಾಹೀರಾತು ನಿಲ್ಲಿಸಿ.