ಬಿಸಿಲಿದ್ದರೂ ಇಟಲಿಯ ಕಾಪ್ರಿ ದ್ವೀಪದ ನೀಲಿ ಗುಹೆ ಮುಚ್ಚಿದ್ದೇಕೆ, ಮಂಡಿನೋವಿರುವ ಅಮ್ಮನನ್ನು ನಾಳೆ ಕರೆದೊಯ್ಯಬಹುದೇ?
ಕಾರಣ ಬಹುಶಃ ಅಲೆ. ಗುಹೆಯ ಬಾಯಿ ನೀರಿನಿಂದ ಸುಮಾರು 1 ಮೀಟರ್ ಎತ್ತರ ಅಷ್ಟೇ. ಸಮುದ್ರ ಸ್ವಲ್ಪ ಉಬ್ಬಿದರೂ ದೋಣಿ ಒಳಗೆ ತೂರುವುದಿಲ್ಲ, ಆಕಾಶ ಎಷ್ಟೇ ತಿಳಿಯಾಗಿದ್ದರೂ.

ನಾಳೆ ದ್ವೀಪದ ಬಂದರು ಮರೀನಾ ಗ್ರಾಂಡೆಯಲ್ಲಿ ಮೊದಲು ಗುಹೆ ತೆರೆದಿದೆಯಾ ಅಂತ ಕೇಳಿ, ಆಮೇಲೆ ದುಡ್ಡು ಕೊಡಿ. ಮೋಟಾರ್ ಬೋಟಿನ ಟಿಕೆಟ್ ಬೇರೆ, ಗುಹೆಯದು ಬೇರೆ. ಬೆಳಗ್ಗೆ ತೆರೆದದ್ದು ಮಧ್ಯಾಹ್ನ ಮುಚ್ಚಲೂಬಹುದು, ಅದಕ್ಕೆ ಯಾರೂ ಖಾತರಿ ಕೊಡಲಾರರು. ನಡುಹಗಲಿನ ಸುಮಾರಿಗೆ ಗುಹೆಯ ನೀರಿನ ನೀಲಿ ಚೆನ್ನಾಗಿ ಕಾಣುತ್ತದೆ.

ಅಮ್ಮನ ಮಂಡಿನೋವಿಗೆ ನಿಜವಾದ ಕಷ್ಟ ಗುಹೆಯೊಳಗಲ್ಲ, ದೋಣಿ ಬದಲಿಸುವಾಗ. ತೂಗಾಡುವ ಮೋಟಾರ್ ಬೋಟಿನಿಂದ ಸಣ್ಣ ಹುಟ್ಟುದೋಣಿಗೆ ಇಳಿದು, ಅದರ ತಳದಲ್ಲೇ ಕೂರಬೇಕು. ಗುಹೆಯ ಬಾಯಿ ಹತ್ತಿರ ಬಂದಾಗ ಪೂರ್ತಿ ಹಿಂದಕ್ಕೆ ಒರಗಬೇಕು. ಅಂಬಿಗ ಗೋಡೆಯ ಸರಪಳಿ ಹಿಡಿದು, ಅಲೆ ತಗ್ಗುವ ಕ್ಷಣ ಕಾದು, ಒಂದೇ ಎಳೆತಕ್ಕೆ ಒಳಗೆ ನುಗ್ಗಿಸುತ್ತಾನೆ. ತಲೆ ಎತ್ತಲೇಬಾರದು. ದ್ವೀಪದ ಮೇಲಿನ ಊರು ಅನಾಕಾಪ್ರಿಯಿಂದ ಬಸ್ಸಿನಲ್ಲಿ ಹೋದರೆ ಮೆಟ್ಟಿಲು ಇಳಿಯಬೇಕು, ಅದು ಅವರಿಗೆ ಇನ್ನೂ ಕಷ್ಟ.

ಒಳಗಿರುವುದು ಐದೇ ನಿಮಿಷ. ಅಮ್ಮ ನೆಲದಲ್ಲಿ ಕೂತು ಏಳಲಾರರು ಅಂದರೆ ಒತ್ತಾಯ ಮಾಡಬೇಡಿ. ದ್ವೀಪ ಸುತ್ತುವ ಬೋಟು ಹತ್ತಿಸಿ, ಸಮುದ್ರದಲ್ಲಿ ಎದ್ದು ನಿಂತ ಫರಾಲ್ಯೋನಿ ಬಂಡೆಗಳನ್ನು ಕೂತಲ್ಲೇ ನೋಡುತ್ತಾರೆ. ಗುಹೆ ಮುಚ್ಚಿದ್ದರೂ ಅದನ್ನೇ ಕೇಳಿ.