ಹಸಿರೆಲ್ಲ ಒಂದೇ ಬಗೆಯಾಗಿ ಕಾಣುವುದೇಕೆ?

ಪ್ರಶ್ನೆ: ಜಲವರ್ಣದಲ್ಲಿ ಅಭ್ಯಾಸವಿರುವ ನಾನು ಈಗ ತೈಲವರ್ಣದಲ್ಲಿ ಹಳ್ಳಿಯ ದೃಶ್ಯಗಳನ್ನು ರಚಿಸಲು ಕಲಿಯುತ್ತಿದ್ದೇನೆ. ಹೊಲ, ಮರಗಳ ಸಾಲು, ಹಿಂದೊಂದು ಬೆಟ್ಟ ಇರುವ ಚಿತ್ರದಲ್ಲಿ ಹಸಿರೆಲ್ಲ ಒಂದೇ ಬಗೆಯಾಗಿದೆ. ಬೆಟ್ಟವಂತೂ ಮರಗಳ ಮುಂದಕ್ಕೇ ಬಂದು ನಿಂತಂತಿದೆ. ತಿದ್ದಹೋದರೆ ಬಣ್ಣ ಕೆಸರಾಗುತ್ತದೆ. ಇನ್ನೂ ಯಾವ ಹಸಿರು ಬಣ್ಣಗಳನ್ನು ಕೊಳ್ಳಬೇಕು?

ಉತ್ತರ: ಯಾವುದನ್ನೂ ಕೊಳ್ಳಬೇಡಿ. ನಿಮ್ಮ ತೊಡಕು ಬಣ್ಣದ್ದಲ್ಲ, ತಿಳಿ-ಗಾಢದ್ದು. ಚಿತ್ರದ ಕಪ್ಪುಬಿಳುಪು ಫೋಟೊ ತೆಗೆದು ನೋಡಿದರೆ ಹೊಲ, ಮರ, ಬೆಟ್ಟ ಮೂರೂ ಒಂದೇ ಬೂದು ಬಣ್ಣದಲ್ಲಿ ಬೆರೆತುಹೋಗಿರುವುದು ನಿಮಗೇ ತಿಳಿಯುತ್ತದೆ. ಹಗಲಿನಲ್ಲಿ ಬೆಳಕು ಮೇಲಿನಿಂದ ಬೀಳುವುದರಿಂದ ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ತಿಳಿಯಾಗಿಯೂ, ಅದಕ್ಕೆ ಮುಖಮಾಡಿ ಮಲಗಿರುವ ಹೊಲ ಅದರ ನಂತರದ ತಿಳಿಯಾಗಿಯೂ, ನೆಟ್ಟಗೆ ನಿಂತ ಮರಗಳು ಅತ್ಯಂತ ಗಾಢವಾಗಿಯೂ ಕಾಣುತ್ತವೆ. (ಬಿಸಿಲು ಬಿದ್ದ ಸುಣ್ಣದ ಗೋಡೆ ಈ ನಿಯಮವನ್ನು ಮುರಿಯುತ್ತದೆ, ಅದಕ್ಕೇ ಅದು ಅಷ್ಟು ಕಣ್ಣಿಗೆ ಹೊಡೆಯುವುದು.) ಬೆಟ್ಟಕ್ಕೂ ನಮಗೂ ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ ದೂರದ ಕಡುಬಣ್ಣಗಳು ತಿಳಿಯಾಗಿ ನೀಲಿಗೆ ತಿರುಗುತ್ತವೆ. ಆದ್ದರಿಂದ ಬೆಟ್ಟಕ್ಕೆ ಬೇಕಾದ ಬಣ್ಣವನ್ನು ಮರದ ಹಸಿರಿನಿಂದ ಹೊರಡಿಸದೆ, ದಿಗಂತದ ಬಳಿ ಬಳಸಿದ ಆಕಾಶದ ಬಣ್ಣಕ್ಕೇ ತುಸು ಅಲ್ಟ್ರಾಮರೀನ್ (ಕಡುನೀಲಿ) ಮತ್ತು ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಬೆರೆಸಿ ಸಿದ್ಧಪಡಿಸಿ, ಅಂಚನ್ನು ಒಣ ಕುಂಚದಿಂದ ಮೆಲ್ಲಗೆ ಸವರಿ ಮೃದುವಾಗಿಸಿ.

ಹಸಿರನ್ನು ಟ್ಯೂಬಿನಿಂದ ನೇರವಾಗಿ ಹಚ್ಚದಿರುವುದೇ ಲೇಸು. ಅಲ್ಟ್ರಾಮರೀನಿಗೆ ಲೆಮನ್ ಯೆಲ್ಲೊ ಸೇರಿಸಿದರೆ ಎಳೆ ಪೈರಿನ ಹಸಿರು, ಯೆಲ್ಲೊ ಓಕರ್ (ಮಣ್ಣಿನ ಹಳದಿ) ಸೇರಿಸಿದರೆ ಒಣಹುಲ್ಲಿನತ್ತ ವಾಲುವ ಮಂಕು ಹಸಿರು ದೊರೆಯುತ್ತದೆ. ಐವರಿ ಬ್ಲ್ಯಾಕ್ ಜೊತೆ ಹಳದಿ ಕಲಸಿದರೆ ಮರದ ನೆರಳಿನ ಭಾಗಕ್ಕೆ ಒಪ್ಪುವ ಕಡುಹಸಿರೂ ಆಗುತ್ತದೆ. ಇದನ್ನು ತಿಳಿಗೊಳಿಸಲು ಒಮ್ಮೆಲೇ ಬಿಳಿಯನ್ನು ಸುರಿಯಬೇಡಿ. ಬಿಳಿ ಹಸಿರನ್ನು ತಣ್ಣಗಾಗಿಸಿ ಸುಣ್ಣ ಬಳಿದಂತೆ ಪೇಲವಗೊಳಿಸುತ್ತದೆ. ಬಿಸಿಲಿನ ಎಲೆಗೆ ಮೊದಲು ಹಳದಿ, ಕೊನೆಗೆ ಬೇಕೆನಿಸಿದರಷ್ಟೇ ಚೂರು ಬಿಳಿ.

ಕೆಸರಾಗುವುದಕ್ಕೆ ಕಾರಣ ಬಹುಶಃ ನಿಮ್ಮ ಜಲವರ್ಣದ ರೂಢಿ. ಅಲ್ಲಿ ತಿಳಿಯಿಂದ ಗಾಢಕ್ಕೆ ಹೋಗುತ್ತೇವೆ. ಇಲ್ಲಿ ಟರ್ಪೆಂಟೈನಿನಿಂದ ತೆಳುವಾಗಿಸಿದ ಗಾಢ ಭಾಗಗಳನ್ನು ಮೊದಲು ಹಾಕಿ, ತಿಳಿ ಭಾಗಗಳನ್ನು ದಪ್ಪವಾಗಿ ಕಡೆಯಲ್ಲಿ ಇಡುವುದು ವಾಡಿಕೆ. ತಪ್ಪಿದ ಕಡೆ ಹಸಿ ಬಣ್ಣದ ಮೇಲೆಯೇ ಉಜ್ಜುತ್ತ ಕೂರದೆ, ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಚಪ್ಪಟೆ ಚಾಕು) ಕೆರೆದು ತೆಗೆದು ಹೊಸದಾಗಿ ಹಚ್ಚಿ. ಮೇಲಿನ ಪದರಗಳಲ್ಲಿ ಎಣ್ಣೆಯ ಅಂಶ ಕೆಳಗಿನವಕ್ಕಿಂತ ಹೆಚ್ಚಿರಲಿ. ಬೇಗ ಒಣಗುವ ತೆಳು ಪದರ ಮೇಲಿದ್ದು, ಎಣ್ಣೆ ತುಂಬಿದ ಪದರ ಅಡಿಯಲ್ಲಿ ಇನ್ನೂ ಅಲುಗುತ್ತಿದ್ದರೆ ಮೇಲ್ಮೈ ಬಿರುಕು ಬಿಡುತ್ತದೆ.

ಪ್ರಶ್ನೆ: ಚಿತ್ರ ಮುಟ್ಟಿದರೆ ಕೈಗೆ ಅಂಟುತ್ತಿಲ್ಲ. ವಾರ್ನಿಷ್ ಹಚ್ಚಬಹುದೇ?

ಉತ್ತರ: ಈಗಲೇ ಬೇಡ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದರಿಂದ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಆ ಕ್ರಿಯೆ ನಡೆಯುತ್ತಲೇ ಇರುತ್ತದೆ. ಸಾಂಪ್ರದಾಯಿಕ ವಾರ್ನಿಷಿಗೆ 6ರಿಂದ 12 ತಿಂಗಳು, ದಪ್ಪ ಬಣ್ಣವಿದ್ದರೆ ಇನ್ನೂ ಹೆಚ್ಚು ಕಾಯಬೇಕು. ಇದೇ ಕ್ರಿಯೆ ಶಾಖವನ್ನೂ ಹುಟ್ಟಿಸುವುದರಿಂದ, ಈ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬಿಸಾಡಿದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಅವನ್ನು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿಡಿ.