ಎಡಕ್ಕೆ ಪಂಪ್ ಹಾಕಿದರೆ ಬಲಗಡೆ ತಡೆದುಕೊಳ್ಳುತ್ತಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಹೃದಯದ ಎಡಭಾಗ ತುಂಬಾ ಸೋತಿದೆ, ಎಲ್‌ವ್ಯಾಡ್ ಪಂಪ್ ಹಾಕಬೇಕು ಎಂದಿದ್ದಾರೆ. ಆದರೆ ‘ಆಮೇಲೆ ಬಲಗಡೆ ಕೈಕೊಡಬಹುದು’ ಎಂದೂ ಹೇಳುತ್ತಾರೆ. ಪಂಪ್ ಹಾಕುವುದು ಎಡಕ್ಕೆ, ಬಲಗಡೆ ಯಾಕೆ ಕೆಡಬೇಕು? ಮೊದಲೇ ಗೊತ್ತಾಗುತ್ತಾ? ಕ್ಯಾತಿಟರ್ ರಿಪೋರ್ಟ್‌ನಲ್ಲಿ ಬಲ ಏಟ್ರಿಯಂ ಒತ್ತಡ 16, ಪಲ್ಮನರಿ ಒತ್ತಡ 50/26, ವೆಡ್ಜ್ 24 ಎಂದಿದೆ.
– ಒಬ್ಬ ಓದುಗರು, ಹಾಸನ

ಉತ್ತರ: ಹಾರ್ಟ್‌ಮೇಟ್ 3 ತರಹದ ಪಂಪ್ ಎಡ ಕೋಣೆಯ ರಕ್ತವನ್ನು ಎಳೆದು ದೇಹಕ್ಕೆ ತಳ್ಳುತ್ತದೆ. ಆ ರಕ್ತ ಎಡಕ್ಕೆ ಬರುವುದೇ ಬಲಗಡೆಯಿಂದ, ಶ್ವಾಸಕೋಶ ದಾಟಿಕೊಂಡು. ನೀರಿನ ತೊಟ್ಟಿಗೆ ನೀರೇ ಬಾರದಿದ್ದರೆ ಮೋಟರ್ ಎಷ್ಟು ಜೋರಾಗಿ ತಿರುಗಿ ಏನು ಪ್ರಯೋಜನ?

ಪಂಪ್ ಶುರುವಾದ ಕೂಡಲೇ ದೇಹಕ್ಕೆ ಹೋಗುವ ರಕ್ತ ಜಾಸ್ತಿಯಾಗುತ್ತದೆ. ಹೋದದ್ದೆಲ್ಲ ವಾಪಸ್ ಬಲಗಡೆಗೇ ಬರಬೇಕು ಅಲ್ವಾ? ಮೊದಲೇ ದಣಿದ ಬಲ ಕೋಣೆಗೆ ಒಮ್ಮೆಲೇ ಕೆಲಸ ಹೆಚ್ಚುತ್ತದೆ. ಇನ್ನೊಂದು ತೊಂದರೆ ಎರಡು ಕೋಣೆಗಳ ನಡುವಿನ ಗೋಡೆಯದು. ಬಲ ಕೋಣೆ ಹಿಂಡುವಾಗ ಈ ಗೋಡೆಯ ನೆರವು ಬೇಕು. ಪಂಪ್ ಎಡ ಕೋಣೆಯನ್ನು ಅತಿಯಾಗಿ ಹೀರಿದರೆ ಗೋಡೆ ಎಡಕ್ಕೆ ಬಾಗುತ್ತದೆ, ಆ ನೆರವು ತಪ್ಪುತ್ತದೆ. ಆಪರೇಷನ್ ವೇಳೆ ರಕ್ತಸ್ರಾವವಾಗಿ ತುಂಬಾ ರಕ್ತ ಕೊಡಬೇಕಾಗಿ ಬಂದರೆ ಇನ್ನೂ ಕಷ್ಟ. ಅದನ್ನು ಯಾವ ಟೆಸ್ಟೂ ಮುಂಚೆ ಹೇಳಲಾರದು.

ಈಗ ನಿಮ್ಮ ರಿಪೋರ್ಟ್. ಬಲ ಏಟ್ರಿಯಂ ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆ, ಪಲ್ಮನರಿ ಅಂದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ, ವೆಡ್ಜ್ ಅಂದರೆ ಎಡಗಡೆಯ ಒತ್ತಡದ ಅಂದಾಜು. 50ರಲ್ಲಿ 26 ಕಳೆದರೆ 24. ಅದನ್ನು ಬಲ ಏಟ್ರಿಯಂನ 16ರಿಂದ ಭಾಗಿಸಿದರೆ 1.5. ಬಲ ಕೋಣೆಯ ಶಕ್ತಿಯನ್ನು ಅಂದಾಜಿಸುವ ಈ ಅಂಕಿಗೆ ಪಾಪಿ ಎನ್ನುತ್ತಾರೆ (ಹೆಸರು ಹಾಗಿದೆ, ಏನು ಮಾಡೋದು!). 1.85ಕ್ಕಿಂತ ಕಡಿಮೆ ಬಂದರೆ ನಾವು ಹುಷಾರಾಗುತ್ತೇವೆ. ಇನ್ನು 16ನ್ನು ವೆಡ್ಜ್ 24ರಿಂದ ಭಾಗಿಸಿದರೆ 0.67. ಇದು 0.63 ದಾಟಬಾರದು. ಬಲ ಏಟ್ರಿಯಂ ಒತ್ತಡವೂ 15 ದಾಟಿದೆ. ಅಂದರೆ ಮೂರೂ ಚಿಂತೆಯ ಕಡೆಗೇ ಇವೆ, ಆದರೆ ಸ್ವಲ್ಪವೇ ಸ್ವಲ್ಪ.

ಇಷ್ಟಕ್ಕೇ ಎದೆಗುಂದಬೇಡಿ. ಮೈಯಲ್ಲಿ ನೀರು ತುಂಬಿದ ದಿನ ತೆಗೆದ ಅಂಕಿ ಕೆಟ್ಟದಾಗಿಯೇ ಇರುತ್ತದೆ. ಕೆಲವು ದಿನ ಲ್ಯಾಸಿಕ್ಸ್, ಮಿಲ್ರಿನೋನ್ (ಒಂದು ನೀರು ಇಳಿಸಲು, ಇನ್ನೊಂದು ಹೃದಯ ಜೋರಾಗಿ ಹಿಂಡಲು) ಕೊಟ್ಟು ಮತ್ತೆ ಅಳೆಯುತ್ತಾರೆ. ಬಲ ಏಟ್ರಿಯಂ 9ಕ್ಕೆ ಇಳಿದು ಪಲ್ಮನರಿ 42/20 ಆಯಿತು ಅಂದುಕೊಳ್ಳಿ, ಪಾಪಿ 2.4 ದಾಟುತ್ತದೆ. ಔಷಧಿ ಕೊಟ್ಟರೂ 16 ಅಲ್ಲಾಡದಿದ್ದರೆ ಆಗ ನಿಜಕ್ಕೂ ಯೋಚಿಸಬೇಕು. ನನಗೆ ಮೊದಲ ಅಂಕಿಗಿಂತ ಈ ಎರಡನೆಯದರ ಮೇಲೆ ಹೆಚ್ಚು ನಂಬಿಕೆ.

ಬಲಗಡೆ ಸೋಲುವ ಅಪಾಯವನ್ನು ಮೊದಲೇ ಅಂದಾಜಿಸುವ ಸ್ಕೋರ್‌ಗಳೂ ಇವೆ. 2008ರ ಮಿಷಿಗನ್ ಸ್ಕೋರ್ ಬಿಪಿ ಏರಿಸುವ ಔಷಧಿ, ಬಿಲಿರುಬಿನ್, ಎಎಸ್‌ಟಿ, ಕ್ರಿಯಾಟಿನಿನ್ (ಲಿವರ್, ಕಿಡ್ನಿಯ ರಕ್ತಪರೀಕ್ಷೆಗಳು) ನೋಡುತ್ತದೆ. ಅದು ಹಳೆ ಮಾದರಿಯ ಪಂಪ್‌ಗಳ ಕಾಲದ್ದು. 2018ರ ಯೂರೋಮ್ಯಾಕ್ಸ್ ಸ್ಕೋರ್ ಹಿಮೋಗ್ಲೋಬಿನ್ ಮತ್ತು ಎಕೋವನ್ನೂ ಸೇರಿಸಿತು. ಆದರೂ ಅದರ ನಿಖರತೆ 0.7ರ ಆಸುಪಾಸು. ನಾಣ್ಯ ಚಿಮ್ಮಿದರೆ 0.5, ಪಕ್ಕಾ ಭವಿಷ್ಯ ಎಂದರೆ 1. ಬಲಗಡೆ ‘ಕೈಕೊಟ್ಟಿತು’ ಎಂದು ಯಾವಾಗ ಹೇಳಬೇಕು ಎನ್ನುವುದೂ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ. ಹಾಗಾಗಿಯೇ ನೂರಕ್ಕೆ 10ರಿಂದ 40 ಜನರಿಗೆ ಆಗುತ್ತದೆ ಎಂಬಷ್ಟು ಅಗಲದ ಲೆಕ್ಕ ಸಿಗುತ್ತದೆ.

ಅದಕ್ಕೇ ‘ಎಷ್ಟು ಪರ್ಸೆಂಟ್ ಚಾನ್ಸ್’ ಎಂದು ಕೇಳುವುದಕ್ಕಿಂತ ‘ಬಲಗಡೆ ಕೈಕೊಟ್ಟರೆ ನಿಮ್ಮ ಪ್ಲಾನ್ ಏನು’ ಎಂದು ಕೇಳಿ. ಶ್ವಾಸಕೋಶದ ರಕ್ತನಾಳ ಸಡಿಲಿಸಲು ಉಸಿರಿನಲ್ಲಿ ಕೊಡುವ ನೈಟ್ರಿಕ್ ಆಕ್ಸೈಡ್ ಇದೆಯಾ? ಕತ್ತಿನ ರಕ್ತನಾಳದಿಂದ ಹಾಕುವ ಬಲಗಡೆಯ ತಾತ್ಕಾಲಿಕ ಪಂಪ್ ಕೈಗೆ ಸಿಗುವಂತಿದೆಯಾ? ಖರ್ಚು ಎಷ್ಟು? ಬಲಗಡೆಯ ಆಸರೆ ಬೇಕೇ ಬೇಕು ಅನ್ನಿಸಿದರೆ ಮೊದಲೇ ಯೋಚಿಸಿ ಹಾಕುವುದು ಒಳ್ಳೆಯದು. ಕಿಡ್ನಿ, ಲಿವರ್ ಸೋತ ಮೇಲೆ ಓಡಾಡಿ ಹಾಕಿದರೆ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಪಂಪ್ ಹಾಕಿ ಎಂಟು ತಿಂಗಳು. ಅಲಾರಂ ಏನೂ ಇಲ್ಲ, ಆದರೆ ಕಾಲು ಊದುತ್ತಿದೆ, ಊಟ ಸೇರುತ್ತಿಲ್ಲ. ಕಾಯಬಹುದಾ?

ಉತ್ತರ: ಬೇಡ, ಇವತ್ತೇ ಪಂಪ್ ಟೀಮಿಗೆ ಫೋನ್ ಮಾಡಿ. ಬಲಗಡೆ ತಿಂಗಳುಗಳ ನಂತರವೂ ಸೋಲಬಹುದು, ಆಗ ಅಲಾರಂ ಬಂದೇ ಬರುತ್ತದೆ ಎಂದೇನೂ ಇಲ್ಲ. ಒಂದು ವಾರದ ತೂಕ ಬರೆದುಕೊಂಡು ಹೋಗಿ. ನೀರಿನ ಮಾತ್ರೆಯನ್ನು ನೀವೇ ಹೆಚ್ಚಿಸಬೇಡಿ. ಮೈ ಒಣಗಿದರೆ ಎಡ ಕೋಣೆ ಬರಿದಾಗಿ ಪಂಪ್ ಗೋಡೆಯನ್ನೇ ಹೀರುತ್ತದೆ. ಆಸ್ಪತ್ರೆಯಲ್ಲಿ ಎಕೋ ನೋಡುತ್ತಲೇ ಪಂಪಿನ ವೇಗವನ್ನು ಸರಿಹೊಂದಿಸುತ್ತಾರೆ.